ಕೆಂಪು ದೀಪದಲ್ಲಿ ಕೆಮ್ಮುವ ಕಾರು

ಇಂದಿರಾನಗರದಿಂದ ಶಿವಾಜಿನಗರ ಎಷ್ಟು ದೂರ ಎಂದು ಕೇಳಿದರೆ ಹೊರಗಿನವರು ಸುಮಾರು ಆರು ಕಿಲೋಮೀಟರ್ ಅನ್ನುತ್ತಾರೆ. ಬೆಂಗಳೂರಿನವರು ಕಿಲೋಮೀಟರ್ ಬಿಟ್ಟು ನಿಮಿಷದಲ್ಲಿ ಹೇಳುತ್ತಾರೆ: ಬೆಳಿಗ್ಗೆ ಆರಕ್ಕೆ ಹೊರಟರೆ ಹದಿನೈದು ನಿಮಿಷ, ಹತ್ತಕ್ಕೆ ಹೊರಟರೆ ದೇವರೇ ಬಲ್ಲ. ಈ ಬೇಸಿಗೆಯಲ್ಲಿ ನಾನು ಮಾತ್ರ ಆ ದಾರಿಯನ್ನು ಸಿಗ್ನಲ್ ದೀಪಗಳಲ್ಲಿ ಎಣಿಸುತ್ತಿದ್ದೆ. ನನ್ನ ಕಾರು ಓಡುವಾಗ ಚೆನ್ನಾಗಿಯೇ ಓಡುತ್ತಿತ್ತು. ನಿಲ್ಲುವುದು ಅದಕ್ಕೆ ಮರೆತುಹೋಗಿತ್ತು.

ಕೆಂಪು ದೀಪ ಬಿದ್ದಾಗ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತೇವೆ. ಆಗ ಎಂಜಿನ್ ಆರಿಹೋಗದೆ, ಸಣ್ಣ ದನಿಯಲ್ಲಿ ಗುನುಗುತ್ತಾ ಹಸಿರು ದೀಪಕ್ಕೆ ಕಾಯಬೇಕು. ಇದಕ್ಕೆ ಗ್ಯಾರೇಜಿನವರು ಐಡ್ಲಿಂಗ್ ಅನ್ನುತ್ತಾರೆ. (ಆರನೇ ತರಗತಿ ಮುಗಿಸಿ ರಜೆಗೆ ಬಂದಿರುವ ನನ್ನ ಮೊಮ್ಮಗಳು ಈ ಮಾತು ಮೊದಲ ಸಲ ಕೇಳಿದಾಗ “ಕಾರಿಗೂ ಇಡ್ಲಿನಾ ಅಜ್ಜಿ?” ಅಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದು ಇಡ್ಲಿಂಗ್.) ನನ್ನ ಕಾರಿನಂಥ ಕಾರು ಸುಮ್ಮನೆ ನಿಂತಾಗ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗಬೇಕು. ನನ್ನದು 1,500ಕ್ಕೆ ಏರುತ್ತಿತ್ತು, 600ಕ್ಕೆ ಬೀಳುತ್ತಿತ್ತು, ಒಮ್ಮೆ ನಡುಗಿ ಮತ್ತೆ ಏರುತ್ತಿತ್ತು. ಉಬ್ಬಸದವರು ಉಸಿರು ಎಳೆದು ಬಿಟ್ಟ ಹಾಗೆ. ಬೀಳುವ ಹೊತ್ತಿಗೆ ಸರಿಯಾಗಿ ರೇಡಿಯೇಟರ್ ಫ್ಯಾನು ತಿರುಗಲು ಶುರುವಾಯಿತೋ, ಎಂಜಿನ್ ಪಟ್ಟನೆ ಆರಿಹೋಗುತ್ತಿತ್ತು. ಹಿಂದೆ ನಿಂತ ಆಟೋದವರು ಹಾರನ್ ಒತ್ತಿ ನನ್ನ ಬಿಳಿ ಕೂದಲಿಗೆ ಮರ್ಯಾದೆ ಕೊಡುತ್ತಿದ್ದರು.

ಕಾರಿನ ಹೆಸರು ಸ್ಯಾನ್ ಸ್ಟಾರ್ಮ್. ಇವತ್ತಿನ ಮಕ್ಕಳು ನೋಡಿರಲಿಕ್ಕಿಲ್ಲ. ಅಜ್ಜ ಅಜ್ಜಿಯರಿಗೆ ನೆನಪಿದ್ದರೂ ಇರಬಹುದು. ಎರಡೇ ಸೀಟಿನ, ಮಾಡು ತೆಗೆದು ಓಡಿಸಬಹುದಾದ ಪುಟ್ಟ ಸ್ಪೋರ್ಟ್ಸ್ ಕಾರು. ಮೈ ತಗಡಿನದಲ್ಲ, ಫೈಬರ್ ಗ್ಲಾಸಿನದು. 1998ರಲ್ಲಿ ಬಂತು. ಕಟ್ಟಿದ್ದು ಗೋವಾದಲ್ಲಾದರೂ ಕಂಪನಿ ನಮ್ಮ ಬೆಂಗಳೂರಿನದು. ಎಂಜಿನ್ ಫ್ರಾನ್ಸಿನ ರೆನೋ ಕಂಪನಿಯದು: ನಾಲ್ಕು ಸಿಲಿಂಡರು, 1149 ಸಿಸಿ, 60 ಕುದುರೆಗಳ ಶಕ್ತಿ. ಇವತ್ತು ಮನೆಮಂದಿಯೆಲ್ಲ ಕೂತು ತಿರುಪತಿಗೆ ಹೋಗುವ ಎಷ್ಟೋ ಸಣ್ಣ ಕಾರುಗಳಿಗೆ ಇದಕ್ಕಿಂತ ಹೆಚ್ಚು ಶಕ್ತಿ ಇರುತ್ತದೆ. ಆದರೆ ನೆಲಕ್ಕೆ ಹತ್ತಿರ ಕೂತು, ತಲೆಯ ಮೇಲೆ ಆಕಾಶ ಇಟ್ಟುಕೊಂಡು ಹೋಗುವ ಸುಖಕ್ಕೆ ಕುದುರೆ ಎಣಿಸಬಾರದು.

ನಾನು ಬ್ಯಾಂಕಿನಲ್ಲಿದ್ದವಳು. ಬ್ಯಾಂಕುಗಳಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂದಾಗ, 2001ರಲ್ಲಿ, ಕೆಲಸ ಬಿಟ್ಟೆ. ಬಂದ ಹಣದಲ್ಲಿ ಸೈಟು ತಗೋ ಎಂದರು ಅಕ್ಕ, ಬಂಗಾರ ತಗೋ ಎಂದರು ಅತ್ತೆ. ನಾನು ಕೆಂಪು ಬಣ್ಣದ ಈ ಕಾರು ತಗೊಂಡೆ. ದೂರವಾಣಿನಗರದ ಐಟಿಐನಲ್ಲಿ ಕೆಲಸಕ್ಕಿದ್ದ ನಮ್ಮ ಯಜಮಾನರು “ಮನೆಯಲ್ಲಿ ಇಬ್ಬರು, ಸೀಟೂ ಎರಡು, ಲೆಕ್ಕ ಸರಿಹೋಯ್ತು” ಅಂದರು. ಮಗ ಆಗ ಹಾಸ್ಟೆಲಿನಲ್ಲಿದ್ದ.

ಆ ಮಗನೇ ಈಗ ಕಾರು ಗುಜರಿಗೆ ಹಾಕು ಎನ್ನುತ್ತಿರುವುದು. ಅವನ ಮಾತಿನಲ್ಲೂ ಹುರುಳಿದೆ. “ಹಳೇ ಮದರಾಸು ರಸ್ತೆಯ ಮಧ್ಯೆ ಎಂಜಿನ್ ಆರಿಹೋಗಿ, ಹಿಂದಿನಿಂದ ಬಸ್ಸು ಬಂದರೆ ಏನಮ್ಮಾ ಮಾಡ್ತೀಯ?” ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದರ ಮೇಲೆ ಇನ್ನೊಂದು ಗಡುವು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಸಾರಿಗೆ ಕಚೇರಿಯವರು ಗಾಡಿ ನೋಡಿ ನವೀಕರಿಸಬೇಕು. 2016ರಲ್ಲಿ ಒಂದು ಸಲ ಆಯಿತು, 2021ರಲ್ಲಿ ಇನ್ನೊಂದು ಸಲ. ಈಗ ಮೂರನೆಯದು. ಅದಕ್ಕೆ ಎಮಿಷನ್ ಟೆಸ್ಟಿನ ಚೀಟಿ ಬೇಕು. ಆ ಪರೀಕ್ಷೆಯನ್ನು ಪೆಟ್ರೋಲ್ ಕಾರಿಗೆ ಮಾಡುವುದೇ ಕಾರು ನಿಂತು ಗುನುಗುವಾಗ! ಗುನುಗಲಾರದ ಕಾರಿಗೆ ಚೀಟಿ ಇಲ್ಲ, ಚೀಟಿ ಇಲ್ಲದಿದ್ದರೆ ನೋಂದಣಿ ಇಲ್ಲ, ನೋಂದಣಿ ಇಲ್ಲದಿದ್ದರೆ ಫೈಬರ್ ಗ್ಲಾಸನ್ನು ತೂಕಕ್ಕೂ ಯಾರೂ ಕೊಳ್ಳುವುದಿಲ್ಲ.

ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಇಂಜೆಕ್ಟರು, ಸೆನ್ಸರು, ಒಳಗಿನ ಕಂಪ್ಯೂಟರು ಎಲ್ಲ ಒಂದೊಂದಾಗಿ ಬದಲಿಸಿ ನೋಡೋಣ ಎಂದರು. 40,000 ರೂಪಾಯಿ ಆಗಬಹುದು, ಸಾಮಾನು ಸಿಕ್ಕರೆ. ನನಗೆ ಆ ಕ್ರಮವೇ ಹಿಡಿಸಲಿಲ್ಲ. ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವು ಎಲ್ಲ ಲೆಡ್ಜರು ಹರಿದು ಹೊಸದಾಗಿ ಬರೆಯುತ್ತಿರಲಿಲ್ಲ. ವ್ಯತ್ಯಾಸ ಎಷ್ಟು ಎಂದು ಮೊದಲು ನೋಡುತ್ತಿದ್ದೆವು. ಅದು ಒಂಬತ್ತರಿಂದ ಶೇಷವಿಲ್ಲದೆ ಭಾಗವಾದರೆ ಯಾರೋ ಅಂಕಿ ಅದಲುಬದಲು ಬರೆದಿದ್ದಾರೆ ಎಂದು ಮೊದಲ ಅನುಮಾನ. 54 ಬರೆಯುವ ಕಡೆ 45 ಬರೆದರೆ ವ್ಯತ್ಯಾಸ 9. 830ರ ಬದಲು 380 ಬರೆದರೆ 450. ಮಕ್ಕಳೇ, ಬೇಕಾದರೆ ನಿಮಗಿಷ್ಟವಾದ ಸಂಖ್ಯೆಯಲ್ಲಿ ಮಾಡಿ ನೋಡಿ. ತಪ್ಪಿಗೂ ಒಂದು ಚಹರೆ ಇರುತ್ತದೆ, ಅದನ್ನು ಓದಬೇಕು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯನ್ನು ನಮ್ಮ ಯಜಮಾನರು ಮಾಡಿದರು. ರಾತ್ರಿ ಪೋರ್ಟಿಕೋ ದೀಪ ಆರಿಸಿ, ಬಾನೆಟ್ಟು ತೆಗೆದು, ಎಂಜಿನ್ ಚಾಲೂ ಮಾಡಿ ದೂರ ನಿಂತು ನೋಡುವುದು. ಪ್ಲಗ್ಗಿಗೆ ಹೋಗುವ ತಂತಿಯ ರಬ್ಬರು ಬಿರುಕು ಬಿಟ್ಟಿದ್ದರೆ ವಿದ್ಯುತ್ ಅಲ್ಲಿಂದಲೇ ಹೊರಗೆ ಹಾರುತ್ತದೆ; ಕತ್ತಲಲ್ಲಿ ನೀಲಿ ಗೆರೆ ಮಿಂಚಿದ್ದು ಕಾಣುತ್ತದೆ. ಸಾವಿರಾರು ವೋಲ್ಟ್ ಇರುವ ತಂತಿ, ಮುಟ್ಟಬಾರದು. ಪುಟ್ಟಿ ಮಿಂಚು ನೋಡಲು ಉಸಿರು ಬಿಗಿಹಿಡಿದು ನಿಂತಳು. ಏನೂ ಮಿಂಚಲಿಲ್ಲ. ಅವಳಿಗೆ ನಿರಾಸೆ, ನನಗೆ ಸಮಾಧಾನ. ಒಂದು ಅನುಮಾನ ಪಟ್ಟಿಯಿಂದ ಹೋಯಿತು.

ಇನ್ನುಳಿದದ್ದಕ್ಕೆ ಶಿವಾಜಿನಗರವೇ ಸರಿ ಎಂದು ಒಂದು ಶನಿವಾರ ಬೆಳಿಗ್ಗೆ ನಾನೂ ಅವಳೂ ಹೊರಟೆವು. ಪುಟ್ಟಿಯ ಕೈಯಲ್ಲಿ ನೋಟ್‌ಬುಕ್ಕು. ಎಲ್ಲೆಲ್ಲಿ ಎಂಜಿನ್ ಆರುತ್ತದೋ ಬರೆಯುವುದು ಅವಳ ಕೆಲಸ. ಸಿಎಂಎಚ್ ರಸ್ತೆಯಲ್ಲಿ ತಲೆಯ ಮೇಲೆ ಮೆಟ್ರೋ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡಿದ ಈ ರೈಲೇ ದಕ್ಷಿಣ ಭಾರತದ ಮೊದಲ ಮೆಟ್ರೋ. ಅದು ನಿಲ್ದಾಣದಲ್ಲಿ ನಿಂತಾಗ ಸದ್ದೇ ಇಲ್ಲ. “ಅದಕ್ಕೆ ಇಡ್ಲಿಂಗ್ ಇಲ್ವಾ?” ಎಂದಳು. ಇಲ್ಲ. ವಿದ್ಯುತ್ ಮೋಟಾರು ನಿಂತರೆ ನಿಂತಿತು, ಹೊರಡು ಎಂದರೆ ಹೊರಟಿತು. ನಾನು ಈ ಕಾರು ಕೊಂಡ 2001ರಲ್ಲೇ ನಮ್ಮೂರಿನ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ರಸ್ತೆಗೆ ಬಂತು. ಅದನ್ನು ಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ ಎಂದು ಹೇಳುತ್ತಿರುವಾಗಲೇ ನಮ್ಮದು ಆರಿಹೋಯಿತು. ಪುಟ್ಟಿ ಬರೆದುಕೊಂಡಳು: ಒಂದು.

ಹಲಸೂರು ತಲುಪುವ ಹೊತ್ತಿಗೆ ಮೂರಾಗಿತ್ತು. ಹಲಸಿನ ತೋಪುಗಳಿದ್ದ ಊರು ಹಲಸೂರು. ಇಂಗ್ಲಿಷರ ಬಾಯಲ್ಲಿ ಅಲ್ಸೂರು ಆಯಿತು. ಶ್ರೀರಂಗಪಟ್ಟಣದ ಹವೆ ಒಗ್ಗದೆ ಅವರು ತಮ್ಮ ಸೈನ್ಯವನ್ನು ಇಲ್ಲಿಗೆ ಕರೆತಂದು 1809ರಲ್ಲಿ ಕಂಟೋನ್ಮೆಂಟ್ ಕಟ್ಟಲು ತೊಡಗಿದ್ದು ಈ ಹಳ್ಳಿಯ ಮಗ್ಗುಲಲ್ಲೇ. ನಮ್ಮ ಹಿರಿಯರು ಅದನ್ನು ದಂಡು ಎಂದೇ ಕರೆದರು. ನನ್ನ ಅಜ್ಜಿ ಪೇಟೆಯವರು. “ದಂಡಿಗೆ ಹೋಗಿ ಬರ್ತೀನಿ” ಎಂದರೆ ಬೇರೆ ದೇಶಕ್ಕೆ ಹೊರಟ ಹಾಗಿರುತ್ತಿತ್ತು. ಸೋಮೇಶ್ವರನ ಗೋಪುರಕ್ಕೆ ಕಾರಿನಿಂದಲೇ ಕೈಮುಗಿದು ಕೆರೆಯ ಕಡೆ ತಿರುಗಿದೆವು. ಒಂದು ಪಕ್ಕ ಕೆರೆ, ಅದರೊಳಗೆ ಮರ ತುಂಬಿದ ನಡುಗಡ್ಡೆಗಳು. ಹತ್ತಿರದಲ್ಲೇ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕ ಕೇಂದ್ರ. ಇಂಥ ಕಡೆ ಕಾರು ನಿಲ್ಲಿಸಿ ಎಳನೀರು ಕುಡಿಯದೆ ಹೋಗುವುದು ಪಾಪ.

ಎಳನೀರಿನವನು ಕಾಗದದ ಸ್ಟ್ರಾ ಕೊಟ್ಟ. ಎರಡು ಗುಟುಕಿಗೆ ಪುಟ್ಟಿಯ ಸ್ಟ್ರಾ ನೆಂದು, ಮೇಲೊಂದು ಕಡೆ ಸೀಳಿತು. ಎಷ್ಟು ಎಳೆದರೂ ಬಾಯಿಗೆ ನೀರಿಲ್ಲ, ಬರೀ ಗಾಳಿ. ಸೀಳಿದ ಜಾಗವನ್ನು ಬೆರಳಲ್ಲಿ ಒತ್ತಿಹಿಡಿದಾಗ ಮತ್ತೆ ಬಂತು. ಎಂಜಿನ್ನೂ ಹೀಗೇ ಎಳೆದು ಕುಡಿಯುವ ಪ್ರಾಣಿ ಎಂದು ಹೇಳಲು ನನಗೆ ಒಳ್ಳೆಯ ಸಮಯ ಸಿಕ್ಕಿತು. ಸಿಲಿಂಡರಿನಲ್ಲಿ ಪಿಸ್ಟನ್ನು ಕೆಳಗಿಳಿದಾಗ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ. ಅದಕ್ಕೆ ಪೆಟ್ರೋಲಿನ ಹನಿ ಬೆರೆಸಿ ಕಿಡಿ ಹಚ್ಚಿದರೆ ಒಂದು ಸಣ್ಣ ಸಿಡಿತ. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಸುಡಲು ಹತ್ತಿರ ಹತ್ತಿರ 15 ಗ್ರಾಂ ಗಾಳಿ ಬೇಕು. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗಿದರೆ 1,600 ಸಿಡಿತ, ಅಂದರೆ ಸೆಕೆಂಡಿಗೆ 26ಕ್ಕಿಂತ ಹೆಚ್ಚು. ನಮಗೆ ಕೇಳಿಸುವ ಆ ಗುನುಗು ಈ ಸಿಡಿತಗಳ ಸಾಲು.

ಗಾಳಿ ಹೋಗುವ ದಾರಿಗೆ ಥ್ರಾಟಲ್ ಎಂಬ ಬಾಗಿಲಿದೆ. ಆಕ್ಸಿಲರೇಟರ್ ತುಳಿದರೆ ಬಾಗಿಲು ತೆರೆಯುತ್ತದೆ. ಕಾಲು ತೆಗೆದರೆ ಮುಚ್ಚಿ, ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಓಡುವಾಗ ಎಂಜಿನ್ ಬಾಯ್ತುಂಬ ಉಸಿರಾಡುತ್ತದೆ. ಎಲ್ಲೋ ಒಂದು ಸಣ್ಣ ತೂತಿದ್ದರೆ ಲೆಕ್ಕಕ್ಕೇ ಇಲ್ಲ. ನಿಂತಾಗ ಸಣ್ಣ ಉಸಿರು. ಆಗ ಅದೇ ತೂತು ದೊಡ್ಡದು. ತಿಂಗಳ ಸಂಬಳದಲ್ಲಿ ನೂರು ರೂಪಾಯಿ ಹೆಚ್ಚುಕಡಿಮೆಯಾದರೆ ಗೊತ್ತಾಗದು, ಪುಟ್ಟಿಯ ಪಾಕೆಟ್ ಮನಿಯಲ್ಲಾದರೆ ಗೊತ್ತಾಗದೆ ಇರುತ್ತದೆಯೇ?

ಸೇಂಟ್ ಜಾನ್ಸ್ ರಸ್ತೆ ಹಿಡಿದು ಶಿವಾಜಿನಗರ. ಸೇಂಟ್ ಮೇರಿ ಬೆಸಿಲಿಕಾದ ಎತ್ತರದ ಶಿಖರ, ಮೈದಾನದಷ್ಟು ದೊಡ್ಡ ಬಸ್ ನಿಲ್ದಾಣ, ರಸೆಲ್ ಮಾರುಕಟ್ಟೆಯ ಕೆಂಪು ಕಟ್ಟಡ. ಒಳಗೆ ಹಣ್ಣು, ತರಕಾರಿ, ಹೂವು, ಮೀನು. ಹಿಂದಿನ ಗಲ್ಲಿಗಳಿಗೆ ಹೋದರೆ ಬೇರೆಯೇ ಲೋಕ: ಗುಜರಿ. ದೋಸೆ ಪೇರಿಸಿದ ಹಾಗೆ ಕ್ಲಚ್ ಪ್ಲೇಟುಗಳು, ಸೌದೆ ರಾಶಿಯ ಹಾಗೆ ಸೈಲೆನ್ಸರುಗಳು, ಹಗ್ಗಕ್ಕೆ ಪೋಣಿಸಿದ ಚಕ್ಕುಲಿಯ ಹಾಗೆ ಸ್ಟೀರಿಂಗ್ ಚಕ್ರಗಳು. ಒಂದು ಕಾರು ಇಲ್ಲಿಗೆ ಬಂದರೆ ಸಾಯುವುದಿಲ್ಲ, ಇನ್ನೂ ಇಪ್ಪತ್ತು ಕಾರುಗಳಾಗಿ ಊರಿಗೆ ವಾಪಸು ಹೋಗುತ್ತದೆ. ನನ್ನ ಕಾರೂ ಹಾಗೆ ಹೋಗುವ ದಿನ ಬರಬಹುದು ಎಂಬ ಯೋಚನೆ ಬಂದು, ಪುಟ್ಟಿಯ ಕೈ ಹಿಡಿದು ಬೇಗ ಬೇಗ ನಡೆದೆ.

ನಾನು ಹುಡುಕುತ್ತಿದ್ದ ಉಸ್ತಾದರ ಗ್ಯಾರೇಜು ಎರಡು ಕಾರು ಹಿಡಿಸುವಷ್ಟು ಜಾಗ. ಅರವತ್ತು ದಾಟಿದವರು. ಹತ್ತು ವರ್ಷದ ಹುಡುಗನಾಗಿ ಇದೇ ಗಲ್ಲಿಯಲ್ಲಿ ಸ್ಪ್ಯಾನರ್ ತೊಳೆಯುತ್ತಾ ಕೆಲಸ ಕಲಿತವರಂತೆ. ನಾನು ಗ್ಯಾರೇಜಿನವರು ಕೊಟ್ಟ ಪಟ್ಟಿ ತೆಗೆದೆ. ಅವರು ನೋಡಲಿಲ್ಲ. “ಅದು ಇಟ್ಕೊಳ್ಳಿ ಅಮ್ಮಾ. ಬಿಚ್ಚೋಕೆ ಎರಡು ನಿಮಿಷ, ಕೇಳೋಕೆ ಅರ್ಧ ಗಂಟೆ. ಮೊದಲು ಕೇಳೋಣ.” ಪುಟ್ಟಿಗೆ ಜಡೆ ಎತ್ತಿ ಕಟ್ಟಲು ಹೇಳಿ, ಫ್ಯಾನು ಮತ್ತು ಬೆಲ್ಟಿನಿಂದ ಎಷ್ಟು ದೂರ ನಿಲ್ಲಬೇಕು ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಈ ಗೆರೆ ಕಂಡ ಮೇಲೆ ನನಗೆ ಅವರ ಮೇಲೆ ಪೂರ್ತಿ ನಂಬಿಕೆ ಬಂತು.

ಎಂಜಿನ್ ಚೆನ್ನಾಗಿ ಬಿಸಿಯಾಗಲಿ ಎಂದು ಕಾದರು. ಆಮೇಲೆ ಒಂದೊಂದೇ ಸಿಲಿಂಡರಿಗೆ ಪೆಟ್ರೋಲ್ ಹೋಗದಂತೆ ಇಂಜೆಕ್ಟರಿನ ತಂತಿ ಕಳಚಿ, ಸದ್ದು ಕೇಳಿ, ಮತ್ತೆ ಸಿಕ್ಕಿಸಿದರು. ದೇವರ ಪಲ್ಲಕ್ಕಿ ಹೊತ್ತ ನಾಲ್ವರಲ್ಲಿ ಒಬ್ಬ ಹೆಗಲು ತೆಗೆದರೆ ಪಲ್ಲಕ್ಕಿ ವಾಲಬೇಕಲ್ಲವೇ? ವಾಲದಿದ್ದರೆ ಅವನು ಹೊತ್ತೇ ಇರಲಿಲ್ಲ ಎಂದರ್ಥ. ನಾಲ್ಕು ಸಲವೂ ಎಂಜಿನ್ ಒಂದೇ ಥರ ವಾಲಿತು. ಸೋಮಾರಿಗಳು ಯಾರೂ ಇಲ್ಲ. ನಾಲ್ಕು ಪ್ಲಗ್ಗು ಬಿಚ್ಚಿ ಹಳೆಯ ಪೇಪರಿನ ಮೇಲೆ ಸಾಲಾಗಿ ಇಟ್ಟರು. ಒಂದು ಕರಿ ಹಿಡಿದು ಉಳಿದವು ಬೇರೆ ಬಣ್ಣವಾಗಿದ್ದರೆ ಆ ಸಿಲಿಂಡರಿನಲ್ಲಿ ದೋಷ. ಇಲ್ಲಿ ನಾಲ್ಕೂ ಒಂದೇ ಬಣ್ಣ, ನಮ್ಮ ಫಿಲ್ಟರ್ ಕಾಫಿ ಪುಡಿಯ ಬಣ್ಣ.

“ನಾಲ್ಕು ಮಕ್ಕಳಿಗೂ ಒಟ್ಟಿಗೆ ಹೊಟ್ಟೆನೋವು ಬಂದ್ರೆ ಯಾರ್ನ ಕೇಳ್ತೀರಾ?” ಎಂದು ಉಸ್ತಾದರು ಪುಟ್ಟಿಯನ್ನು ಕೇಳಿದರು.

“ಅಡುಗೆ ಮಾಡಿದವರನ್ನ.”

“ಹಾಂ. ಅಡುಗೆಮನೆಗೆ ಹೋಗೋಣ.”

ನಾಲ್ಕು ಸಿಲಿಂಡರಿಗೂ ಗಾಳಿ ಹಂಚುವ ದಾರಿಗೆ ಮ್ಯಾನಿಫೋಲ್ಡ್ ಅನ್ನುತ್ತಾರೆ. ಅವರು ಒಂದು ಮೊಳ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಆ ದಾರಿಯುದ್ದಕ್ಕೂ ಆಡಿಸಿದರು, ಡಾಕ್ಟರು ಎದೆ ನೋಡುವ ಹಾಗೆ. ಒಂದು ಕಡೆ ಕೈ ನಿಂತಿತು. ಕೊಳವೆಯನ್ನು ಪುಟ್ಟಿಯ ಕಿವಿಗೆ ಕೊಟ್ಟರು. “ಹಾವು!” ಎಂದಳು. ಬುಸ್ ಎಂಬ ಸದ್ದು. ಆಮೇಲೆ ಗಿಡಕ್ಕೆ ನೀರು ಚಿಮುಕಿಸುವ ಬಾಟಲಿಯಿಂದ ಅದೇ ಜಾಗಕ್ಕೆ ನೀರು ಹೊಡೆದರು. ಒಂದು ಕ್ಷಣ ಎಂಜಿನ್ನಿನ ದನಿ ಬದಲಾಯಿತು: ನೀರು ಬಿರುಕನ್ನು ಮುಚ್ಚಿತ್ತು. ಕೆಲವರು ಇದಕ್ಕೆ ಪೆಟ್ರೋಲ್ ಚಿಮುಕಿಸುತ್ತಾರೆ, ಇನ್ನು ಕೆಲವರು ಊದುಬತ್ತಿ ಹಿಡಿದು ಹೊಗೆ ಯಾವ ಕಡೆ ಎಳೆಯುತ್ತದೆ ನೋಡುತ್ತಾರೆ. ಬಿಸಿ ಎಂಜಿನ್ನಿನ ಹತ್ತಿರ ಎರಡೂ ಬೇಡ, ನೀರಿಗೆ ಬೆಂಕಿ ಹತ್ತುವುದಿಲ್ಲ ಎಂದರು ಉಸ್ತಾದರು.

ಕೊನೆಗೆ ಅವರು ಕೈ ಒಳಗೆ ತೂರಿಸಿ, ಹೆಬ್ಬೆರಳಷ್ಟು ದಪ್ಪದ ಒಂದು ರಬ್ಬರ್ ಪೈಪಿನ ಅಡಿಭಾಗವನ್ನು ಬಟ್ಟೆ ಸುತ್ತಿದ ಬೆರಳಲ್ಲಿ ಒತ್ತಿಹಿಡಿದರು. ಮುಳ್ಳು 1,500ಕ್ಕೆ ಹೊರಟಿದ್ದು ನಡುದಾರಿಯಲ್ಲಿ ಮನಸ್ಸು ಬದಲಿಸಿ ಇಳಿಯಿತು, ಸಾವಿರಕ್ಕೆ, ಒಂಬೈನೂರಕ್ಕೆ. 800ರ ಹತ್ತಿರ ಬಂದು ಕೂತಿತು. ಗ್ಯಾರೇಜಿನಲ್ಲಿ ಒಮ್ಮೆಲೇ ಎಷ್ಟು ನಿಶ್ಶಬ್ದ ಎಂದರೆ ಪಕ್ಕದ ಗಲ್ಲಿಯಲ್ಲಿ ನಿಂಬೆಹಣ್ಣು ಮಾರುವವನ ಕೂಗು ಕೇಳಿಸಿತು.

“ಅಜ್ಜಿ, ಸ್ಟ್ರಾ ಸೀಳಿದೆ!” ಎಂದಳು ಪುಟ್ಟಿ.

ಅದೇ. ಎಂಜಿನ್ನಿನ ಹೊಟ್ಟೆಯಲ್ಲಿ ಏಳುವ ಎಣ್ಣೆಯ ಹೊಗೆಯನ್ನು ಹೊರಗೆ ಬಿಡದೆ, ಗಾಳಿಯ ದಾರಿಗೇ ತಂದು ಸುಟ್ಟುಹಾಕಲು ಒಂದು ಬ್ರೀದರ್ ಪೈಪು ಇರುತ್ತದೆ. ಮೇಲಿನಿಂದ ನೋಡಿದರೆ ಗಟ್ಟಿಮುಟ್ಟು. ಬಾಗಿದ ಜಾಗದ ಅಡಿಯಲ್ಲಿ, ಎಣ್ಣೆ ಮಡ್ಡಿಯ ಕೆಳಗೆ, ಉಗುರುದ್ದದ ಸೀಳು. ಇದರಲ್ಲಿ ಕಾರು ಕಟ್ಟಿದವರನ್ನು ದೂರುವಂಥದ್ದೇನೂ ಇಲ್ಲ. ಇಪ್ಪತ್ತೈದು ಬೇಸಿಗೆ ಎಂಜಿನ್ನಿನ ಕಾವಿನಲ್ಲಿ ಬೆಂದ ರಬ್ಬರು ಇನ್ನೇನಾಗಬೇಕು?

ಹಾಗಾದರೆ ಮುಳ್ಳು ಏರಿ ಇಳಿಯುತ್ತಿದ್ದದ್ದು ಯಾಕೆ? ಸೀಳಿನಿಂದ ಬಾಗಿಲು ತಪ್ಪಿಸಿ ಗಾಳಿ ನುಗ್ಗುತ್ತದೆ, ಎಂಜಿನ್ ವೇಗವಾಗುತ್ತದೆ. ಒಳಗಿನ ಕಂಪ್ಯೂಟರು ನೋಡುತ್ತದೆ: ಆಕ್ಸಿಲರೇಟರ್ ಯಾರೂ ತುಳಿದಿಲ್ಲ, ಆದರೂ ವೇಗ ಹೆಚ್ಚಿದೆ. ಕಾರು ಇಳಿಜಾರಿನಲ್ಲಿ ತಾನೇ ಉರುಳುತ್ತಿರಬೇಕು, ಪೆಟ್ರೋಲ್ ಯಾಕೆ ದಂಡ ಎಂದು ನಿಲ್ಲಿಸಿಬಿಡುತ್ತದೆ. ವೇಗ ಬೀಳುತ್ತದೆ. ಅಯ್ಯೋ ಆರಿಹೋಗುತ್ತಲ್ಲ ಎಂದು ಮತ್ತೆ ಪೆಟ್ರೋಲ್ ಕೊಡುತ್ತದೆ. ಮತ್ತೆ ಏರುತ್ತದೆ. ಕಂಪ್ಯೂಟರಿನದು ಏನೂ ತಪ್ಪಿಲ್ಲ, ಅದು ತನಗೆ ತಿಳಿದ ಲೆಕ್ಕ ಮಾಡುತ್ತಿತ್ತು. ರಸೀದಿ ಇಲ್ಲದೆ ಜಮೆಯಾದ ಹಣದ ಹಾಗೆ, ಲೆಕ್ಕಕ್ಕೆ ಸಿಗದ ಗಾಳಿ ಖಾತೆಗೆ ಬರುತ್ತಿತ್ತು, ಅಷ್ಟೆ. ಮೊದಲ ಗ್ಯಾರೇಜಿನ ಪಟ್ಟಿಯಂತೆ 40,000 ರೂಪಾಯಿಗೆ ಎಲ್ಲ ಬದಲಿಸಿದ್ದರೂ ಈ ಪೈಪು ಅಲ್ಲೇ ಇರುತ್ತಿತ್ತು, ಅದು ಪಟ್ಟಿಯಲ್ಲಿರಲಿಲ್ಲ.

ಈ ಕಾರಿನ ಪೈಪು ಈಗ ಎಲ್ಲಿ ಸಿಗಬೇಕು? “ಕಾರಿನ ಹೆಸರು ಹೇಳ್ಬೇಡಿ” ಎಂದು ಉಸ್ತಾದರು ಎಚ್ಚರಿಸಿ ಕಳಿಸಿದರು. “ಹೆಸರು ಕೇಳಿದ್ರೆ ಇಲ್ಲ ಅಂತಾರೆ. ಪೈಪು ತೋರಿಸಿ, ಅಳತೆ ಹೇಳಿ.” ಪುಟ್ಟಿ ಕಂಪಾಸ್ ಪೆಟ್ಟಿಗೆಯ ಸ್ಕೇಲಿನಲ್ಲಿ ಅಳೆದು ಬರೆದಿದ್ದಳು: ಒಳಬಾಯಿ 16 ಮಿಲಿಮೀಟರ್, ಒಂದು ತೋಳು 11 ಸೆಂಟಿಮೀಟರ್, ಇನ್ನೊಂದು 7, ಮಧ್ಯೆ ಲಂಬಕೋನ. ಮೊದಲ ಅಂಗಡಿಯಲ್ಲಿ ಹಳೆಯ ಪೈಪು ಥೇಟ್ ಅದೇ ಆಕಾರದ್ದು ಸಿಕ್ಕಿತು, ನಾನು ಬೇಡವೆಂದೆ. ಅದಕ್ಕೂ ಉಸ್ತಾದರು ಸೂತ್ರ ಕೊಟ್ಟಿದ್ದರು: ಕಬ್ಬಿಣ ಹಳೆಯದಾದರೂ ತರಬಹುದು, ರಬ್ಬರು ಹಳೆಯದು ತರಬಾರದು. ಎರಡನೆಯ ಅಂಗಡಿಯವನು ರೇಡಿಯೇಟರಿನ ಹೊಸ ಪೈಪು ಕತ್ತರಿಸಿ ಕೊಡುತ್ತೇನೆ ಎಂದ. ನೀರಿಗೆಂದು ಮಾಡಿದ ರಬ್ಬರು ಎಣ್ಣೆ ಸೋಕಿದರೆ ಉಬ್ಬಿ ಮೆತ್ತಗಾಗುತ್ತದೆ, ಅದೂ ಆಗದು. ಮೂರನೆಯ ಅಂಗಡಿಯ ಗೋಡೆ ತುಂಬ ಕರಿ ಪೈಪುಗಳು ಪಡವಲಕಾಯಿಯ ಹಾಗೆ ತೂಗುತ್ತಿದ್ದವು. ಅಲ್ಲಿ ಎಣ್ಣೆ ತಡೆಯುವ ಹೊಸ ಪೈಪು, ಬೇರೆ ಯಾವುದೋ ಕಾರಿನದು, ಒಂದು ತೋಳು ಸ್ವಲ್ಪ ಉದ್ದ. ಉದ್ದವಿದ್ದರೆ ಕತ್ತರಿಸಬಹುದು. 350 ಎಂದ, 280ಕ್ಕೆ ಇಳಿದ. ಎರಡು ಕ್ಲಾಂಪು 60. ಉಸ್ತಾದರ ಮಜೂರಿ 600. ಒಟ್ಟು 940 ರೂಪಾಯಿ. ಥ್ರಾಟಲ್ ಬಾಗಿಲಿನ ಅಂಚಿಗೆ ಕೂತ ಮಸಿಯನ್ನು ಒರೆಸಿದ್ದು ಅವರ ಲೆಕ್ಕದಲ್ಲಿ ಪುಕ್ಕಟೆ, ಪುಟ್ಟಿಗೆ ಕೊಡಿಸಿದ ಬಾದಾಮಿ ಹಾಲೂ ಪುಕ್ಕಟೆ.

ಅಲ್ಲಿಂದ ಪೂರ್ವಕ್ಕೆ, ಕೆ.ಆರ್.ಪುರದ ಕಡೆ ಹೊರಟೆವು. ಎಮಿಷನ್ ಟೆಸ್ಟು ಇಲ್ಲೇ ಹತ್ತಿರದಲ್ಲೂ ಮಾಡಿಸಬಹುದಿತ್ತು. ಆದರೆ ಹದಿನೈದು ಕಿಲೋಮೀಟರ್ ಸಿಗ್ನಲ್ಲುಗಳಲ್ಲಿ ನಿಂತು ನಿಂತು ಹೋದರೆ ಅದೇ ನಿಜವಾದ ಪರೀಕ್ಷೆ. ಹಳೇ ಮದರಾಸು ರಸ್ತೆ, ಬೈಯಪ್ಪನಹಳ್ಳಿ, ಮುಚ್ಚಿಹೋದ ಎನ್‌ಜಿಇಎಫ್ ಕಾರ್ಖಾನೆಯ ಮರಗಳು, ಟಿನ್ ಫ್ಯಾಕ್ಟರಿ ಎಂದು ಹೆಸರಾದ, ಬಸ್ಸುಗಳು ಉಗುಳಿದ ಜನರೆಲ್ಲ ಒಟ್ಟಿಗೆ ರಸ್ತೆ ದಾಟುವ ಆ ಜಾಗ. ಟಿನ್ ಫ್ಯಾಕ್ಟರಿಯಲ್ಲಿ ನಾವು ಹನ್ನೆರಡು ನಿಮಿಷ ನಿಂತೆವು. ಇಡೀ ಬೆಂಗಳೂರಿನಲ್ಲಿ ಆ ಹನ್ನೆರಡು ನಿಮಿಷವನ್ನು ಸಂತೋಷದಿಂದ ಕಳೆದವಳು ನಾನೊಬ್ಬಳೇ ಇರಬೇಕು. ಮುಳ್ಳು 800 ಬಿಟ್ಟು ಕದಲಲಿಲ್ಲ.

ಬೆಂಗಳೂರಿನ ಈ ಪೂರ್ವಭಾಗಕ್ಕೂ ಕಾರಿಗೂ ಹಳೆಯ ಒಂದು ಕೈತಪ್ಪಿದ ನಂಟಿದೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದಲ್ಲಿ ಮೋಟಾರು ಕಾರಿನ ಕಾರ್ಖಾನೆ ಆಗಬೇಕೆಂದು ಬಹಳ ಓಡಾಡಿದರು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗದೆ ಅದು ನಿಂತುಹೋಯಿತು. ಆ ಪ್ರಯತ್ನದಲ್ಲಿ ಜೊತೆಗಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಇಲ್ಲಿ ವಿಮಾನ ಕಾರ್ಖಾನೆ ತೆರೆದರು. ಅದೇ ಇಂದಿನ ಎಚ್‌ಎಎಲ್. ಕಾರಿನ ಕಾರ್ಖಾನೆಯನ್ನು ಅವರು ಮುಂದೆ ಮುಂಬಯಿಯಲ್ಲಿ ಮಾಡಿದರು. ಅಜ್ಜಂದಿರು ಓಡಿಸಿದ ಪ್ರೀಮಿಯರ್ ಪದ್ಮಿನಿ ಅಲ್ಲಿಂದ ಬಂದದ್ದು. ನಮಗೆ ವಿಮಾನ ಉಳಿಯಿತು, ಕಾರು ಹೋಯಿತು. ವಿಮಾನ ಸಿಕ್ಕವರು ದೂರಬಾರದು, ಆದರೂ ನನಗೆ ಸ್ವಲ್ಪ ಹೊಟ್ಟೆಯುರಿ.

ತೂಗುಸೇತುವೆ ಹತ್ತಿದಾಗ ಕೆಳಗೆ ರೈಲು ಹಳಿಗಳು. 1864ರಲ್ಲಿ ಮದರಾಸಿನ ಕಡೆಯಿಂದ ದಂಡಿಗೆ ಬಂದ ರೈಲು ಇದೇ ಹಾದಿ. ಕೆ.ಆರ್.ಪುರದಲ್ಲಿ ಡೀಸೆಲ್ ರೈಲು ಎಂಜಿನ್ನುಗಳ ದೊಡ್ಡ ಶೆಡ್ ಇದೆ. ಹಳಿಯ ಮೇಲೆ ಒಂದು ಎಂಜಿನ್ ನಿಂತಲ್ಲೇ ದುಗುದುಗು ಎನ್ನುತ್ತಿತ್ತು. ಪುಟ್ಟಿ ಕಿಟಕಿಯಿಂದ ತಲೆ ಹಾಕಿ ಕೇಳಿ, “ಅದರ ಇಡ್ಲಿಂಗ್ ಸರಿಯಾಗಿದೆ” ಎಂದು ಪ್ರಮಾಣಪತ್ರ ಕೊಟ್ಟಳು.

ಸೇತುವೆ ಇಳಿದು ವೈಟ್‌ಫೀಲ್ಡ್ ರಸ್ತೆಯಲ್ಲಿ ಮಹದೇವಪುರದ ಕಡೆ ಸ್ವಲ್ಪ ದೂರ ಹೋದೆವು. ಕಾರ್ಖಾನೆಗಳಿಗೆ ಬೇಕಾದ ಸಣ್ಣ ರೈಲು ಎಂಜಿನ್ನುಗಳನ್ನು ಮಾಡುವ ಸ್ಯಾನ್ ಕಂಪನಿಗೆ ಹೆಸರಾದ ರಸ್ತೆ ಇದು. ಸೂರಿ ಅಂಡ್ ನಾಯರ್ ಎಂಬ ಹಳೆಯ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳು ಸೇರಿ ಸ್ಯಾನ್ ಆದದ್ದು. ನನ್ನ ಕಾರಿನ ಮೂತಿಯ ಮೇಲಿರುವ ಹೆಸರೂ ಆ ಮನೆತನದ್ದೇ. ರೈಲು ಎಂಜಿನ್ ಮಾಡುವವರು ಸ್ಪೋರ್ಟ್ಸ್ ಕಾರು ಮಾಡಲು ಹೊರಟರಲ್ಲ ಎಂದು 1998ರಲ್ಲಿ ಜನ ನಕ್ಕಿದ್ದರೆ, ಬ್ಯಾಂಕಿನವಳು ಅದನ್ನು ಕೊಂಡಳಲ್ಲ ಎಂದು 2001ರಲ್ಲಿ ನನ್ನನ್ನು ನೋಡಿ ನಕ್ಕರು. ಈಗ ನೋಡಿದರೆ ಅಲ್ಲಿ ಎರಡೂ ಕಡೆ ಗಾಜಿನ ಕಚೇರಿಗಳು, ಮೇಲೆ ಮೆಟ್ರೋ. ಕೆಂಪು ಕಾರು ಕಂಡು ಟೀ ಅಂಗಡಿಯ ಮುಂದೆ ನಿಂತಿದ್ದ ಹುಡುಗರು ಯಾವ ವಿದೇಶಿ ಕಾರು ಎಂದು ಕೇಳಿದರು. “ಇದೇ ಊರಿನದು” ಎಂದಳು ಪುಟ್ಟಿ, ಗೋವಾದ ವಿಷಯ ಎತ್ತಲಿಲ್ಲ.

ಎಮಿಷನ್ ಟೆಸ್ಟಿನ ಗಾಡಿ ಒಂದು ಪೆಟ್ರೋಲ್ ಬಂಕಿನ ಮೂಲೆಯಲ್ಲಿತ್ತು. ಹುಡುಗ ಸೈಲೆನ್ಸರಿಗೆ ಉದ್ದನೆಯ ಕೊಳವೆ ತೂರಿಸಿ, ನಂಬರ್ ಪ್ಲೇಟಿನ ಫೋಟೋ ತೆಗೆದು, ಕಂಪ್ಯೂಟರ್ ಮುಂದೆ ಕೂತ. ನನ್ನ ಕಾರಿನ ಕಾಲದ ಪೆಟ್ರೋಲ್ ಕಾರುಗಳ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ನೂರಕ್ಕೆ 3 ಭಾಗ ಮೀರಬಾರದು. ಸುಡದೆ ಉಳಿದ ಹೈಡ್ರೋಕಾರ್ಬನ್ ಹತ್ತು ಲಕ್ಷಕ್ಕೆ 1,500 ಭಾಗ ಮೀರಬಾರದು. ಎಂಜಿನ್ ನಡುಗಿ ಸಿಡಿತ ತಪ್ಪಿದರೆ ಸುಡದ ಪೆಟ್ರೋಲ್ ಹಾಗೇ ಹೊರಬಂದು ಎರಡನೆಯ ಅಂಕಿ ಏರುತ್ತದೆ. ನನಗಿದ್ದ ಭಯ ಅದೇ. ಯಂತ್ರ ಸ್ವಲ್ಪ ಹೊತ್ತು ಯೋಚಿಸಿ ಚೀಟಿ ಕೊಟ್ಟಿತು. ಮೊದಲನೆಯದು 0.7, ಎರಡನೆಯದು 340.

ಮಗನಿಗೆ ಫೋನ್ ಮಾಡಿದೆ. “ಸಿಗ್ನಲ್ಲಲ್ಲಿ ನಿಂತಿತಾ?” ಎಂದು ಕೇಳಿದ.

“ಎಲ್ಲಾ ಸಿಗ್ನಲ್ಲಲ್ಲೂ ನಿಂತಿತು ಕಣೋ. ಕಾರು.”

ಅವನು ಒಂದು ನಿಮಿಷ ಸುಮ್ಮನಿದ್ದು, ಸಾರಿಗೆ ಕಚೇರಿಗೆ ಅರ್ಜಿ ತಾನೇ ಆನ್‌ಲೈನಿನಲ್ಲಿ ಹಾಕುತ್ತೇನೆ, ಚೀಟಿಯ ಫೋಟೋ ಕಳಿಸು ಎಂದ. ವಾಪಸು ಬರುವಾಗ ಟಿನ್ ಫ್ಯಾಕ್ಟರಿಯ ಹತ್ತಿರ ಬೇಸಿಗೆಯ ಮೊದಲ ಮಳೆ ಹಿಡಿಯಿತು. ಮಾಡು ಎಳೆದು ಹಾಕಿ ಕೊಕ್ಕೆ ಬಿಗಿದೆ. ಎಂಜಿನ್ ಗುನುಗುತ್ತಿತ್ತು. ಎಡಗಡೆಯ ಮೂಲೆಯಿಂದ ಪುಟ್ಟಿಯ ನೋಟ್‌ಬುಕ್ಕಿನ ಮೇಲೆ ಟಪಕ್ಕನೆ ಒಂದು ಹನಿ ಬಿತ್ತು. ಅವಳು ಪುಟ ತಿರುಗಿಸಿ, ಹೊಸ ಹಾಳೆಯಲ್ಲಿ ಬರೆದುಕೊಂಡಳು: ಮಾಡಿನ ರಬ್ಬರ್ ಪಟ್ಟಿ. ಉದ್ದ ಅಳೆಯಬೇಕು. ಹಳೆಯದು ತರಬಾರದು.